ಮಗು ಮಾತಾಡಲಿ ಎಂದು ಬಿಟ್ಟ ಹೊತ್ತು

ಇಂದಿನ ಮಾತು ಇಂಗ್ಲಿಷ್ ಪಾಠದ ಬಗ್ಗೆ, ಆ ಪಾಠಕ್ಕೆಂದು ತರಗತಿಗೆ ಬಂದ ಯಂತ್ರಗಳ ಬಗ್ಗೆ. ಗ್ರಾಮಫೋನಿನಿಂದ ಮೊಬೈಲಿನವರೆಗೆ ಈ ಯಂತ್ರಗಳ ಸಾಲು ಉದ್ದವಾಗಿದೆ. ಎಲ್ಲವನ್ನೂ ಹೇಳುತ್ತಾ ಕೂತರೆ ಈ ಹೊತ್ತು ಸಾಲದು. ಆದ್ದರಿಂದ ಒಂದೇ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಹೊರಡೋಣ. ಯಂತ್ರ ಬಂದ ಮೇಲೆ ತರಗತಿಯ ಮಗು ಎಷ್ಟು ಹೊತ್ತು ಇಂಗ್ಲಿಷ್ ಮಾತಾಡಿತು?

ಮೊದಲು ಸಣ್ಣದೊಂದು ಲೆಕ್ಕ. ಮನಸ್ಸಿನಲ್ಲೇ ಮಾಡಬಹುದು. ಒಂದು ಸರ್ಕಾರಿ ಶಾಲೆ, ಆರನೇ ತರಗತಿ, 30 ಮಕ್ಕಳು. ಇಂಗ್ಲಿಷ್ ಪೀರಿಯಡ್ಡು 40 ನಿಮಿಷ. ಮೇಷ್ಟ್ರು ಹಾಜರಿಯನ್ನೂ ಕರೆಯದೆ, ತಾವು ಒಂದು ಮಾತನ್ನೂ ಆಡದೆ, ಆ 40 ನಿಮಿಷವನ್ನೂ ಮಕ್ಕಳಿಗೇ ಸಮವಾಗಿ ಹಂಚಿಬಿಟ್ಟರು ಎನ್ನೋಣ. ಒಬ್ಬೊಬ್ಬರ ಪಾಲಿಗೆ ಬರುವುದು ಒಂದು ನಿಮಿಷ ಇಪ್ಪತ್ತು ಸೆಕೆಂಡು, ಅಷ್ಟೆ. ಆದರೆ ಮೇಷ್ಟ್ರು ಮಾತಾಡದೆ ಪಾಠ ನಡೆಯುವುದಿಲ್ಲ. ಬೋರ್ಡಿನ ಮೇಲೆ ಬರೆಯಬೇಕು, ನೋಟ್‌ಬುಕ್ ತಿದ್ದಬೇಕು, ಗಲಾಟೆ ನಿಲ್ಲಿಸಬೇಕು. ಹಾಗಾಗಿ ಮಗುವಿನ ಪಾಲು ಕೆಲವೇ ಸೆಕೆಂಡುಗಳಿಗೆ ಇಳಿಯುತ್ತದೆ. ಹಿಂದಿನ ಸಾಲಿನಲ್ಲಿ ಕೂತ ಸಂಕೋಚದ ಹುಡುಗಿ ಇಡೀ ವಾರ ತನ್ನ ಬಾಯಿಂದ ಒಂದು ಇಂಗ್ಲಿಷ್ ವಾಕ್ಯವನ್ನೂ ಹೇಳದೆ ಮನೆಗೆ ಹೋಗಬಹುದು.

ಮನೆಯಲ್ಲಿ ಆ ಭಾಷೆ ಕಿವಿಗೆ ಬೀಳುವುದಿಲ್ಲ. ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸಲಾಗುತ್ತಿದೆ. ಕಲಿಸುವ ಶಿಕ್ಷಕರಲ್ಲಿ ಬಹಳಷ್ಟು ಜನ ಸ್ವತಃ ಕನ್ನಡ ಮಾಧ್ಯಮದಲ್ಲಿ ಓದಿದವರು. ಇಂಗ್ಲಿಷನ್ನು ಕಣ್ಣಿನಿಂದ ಕಲಿತವರು, ಪುಸ್ತಕದಿಂದ ಕಲಿತವರು. ಇದರಲ್ಲಿ ಅವರ ತಪ್ಪೇನೂ ಇಲ್ಲ. ಕೇಳಲು ಅವರಿಗೆ ಯಾರೂ ಸಿಕ್ಕಿರಲಿಲ್ಲ.

ಕಿವಿಯ ಕೆಲಸ ಎಷ್ಟು ದೊಡ್ಡದು ಎಂಬುದನ್ನು ಈಗಲೇ ಪರೀಕ್ಷಿಸಬಹುದು. 'ಫೋಟೋಗ್ರಾಫ್' ಎಂದು ಜೋರಾಗಿ ಹೇಳಿ. ಇಂಗ್ಲಿಷಿನಲ್ಲಿ ಇಲ್ಲಿ ಒತ್ತು ಬೀಳುವುದು ಮೊದಲ ತುಂಡಿನ ಮೇಲೆ, 'ಫೋ' ಮೇಲೆ. ಈಗ 'ಫೊಟಾಗ್ರಫಿ' ಎನ್ನಿ. ಒತ್ತು ಜಾರಿ ಎರಡನೆಯ ತುಂಡಿಗೆ, 'ಟಾ' ಮೇಲೆ ಬಂದು ಕೂತಿತು. ಅಕ್ಷರಗಳು ಹೆಚ್ಚು ಕಡಿಮೆ ಅವೇ. ಬರಹ ನೋಡಿದರೆ ಈ ಜಾರಾಟ ಗೊತ್ತಾಗುವುದಿಲ್ಲ. ಕನ್ನಡದ ಮಗು ಬಸ್ಸು, ಕಾರು, ಬುಕ್ಕು ಎಂದು ಕೊನೆಗೊಂದು ಸ್ವರ ಸೇರಿಸಿ ಮಾತಾಡುತ್ತದೆ. ಅದು ನಮ್ಮ ಭಾಷೆಯ ಸಹಜ ನಡೆ. ಇಂಗ್ಲಿಷಿನಲ್ಲಿ ಆ ಸ್ವರ ಇಲ್ಲ ಎಂದು ಮಗುವಿಗೆ ತಿಳಿಯಬೇಕಾದರೆ ಮೊದಲು ಕೇಳಿಸಬೇಕು. ಆಮೇಲೆ ತಾನೇ ಹೇಳಿ ನೋಡಬೇಕು.

ಕೇಳುವುದು ಒಂದು, ಹೇಳುವುದು ಇನ್ನೊಂದು. ಯಂತ್ರಗಳು ಮೊದಲು ಮಾಡಿದ್ದು ಕೇಳಿಸುವ ಕೆಲಸವನ್ನು.

ಲಂಡನ್ನಿನಲ್ಲಿ 1901ರಲ್ಲಿ ಲಿಂಗ್ವಫೋನ್ ಎಂಬ ಕಂಪನಿ ಹುಟ್ಟಿತು. ಧ್ವನಿಮುದ್ರಿಕೆಗಳ ಮೂಲಕ ಭಾಷೆ ಕಲಿಸುವುದು ಅದರ ವ್ಯಾಪಾರ. 1927ರಲ್ಲಿ ಈ ಕಂಪನಿಗಾಗಿ ನಾಟಕಕಾರ ಬರ್ನಾರ್ಡ್ ಷಾ ಮಾತಾಡಿದರು. ಮಾತಿನ ವಿಷಯವೇ ಇಂಗ್ಲಿಷ್ ಮಾತಾಡುವ ಬಗೆ. ಗ್ರಾಮಫೋನಿನ ವೇಗ ಸರಿಯಾಗಿಲ್ಲದಿದ್ದರೆ ನಿಮಗೆ ಕೇಳಿಸುವುದು ನನ್ನ ದನಿಯಲ್ಲ, ಮೊದಲು ವೇಗ ಸರಿಮಾಡಿಕೊಳ್ಳಿ ಎಂಬ ಅರ್ಥದ ಎಚ್ಚರಿಕೆ ಅದರಲ್ಲಿತ್ತು. ಅದಕ್ಕಿಂತ ಮುಖ್ಯವಾದ ಇನ್ನೊಂದು ಮಾತನ್ನೂ ಅವರು ಹೇಳಿದರು. ಪೂರ್ತಿ ಶುದ್ಧವಾದ ಇಂಗ್ಲಿಷ್ ಎಂಬುದೊಂದು ಎಲ್ಲೂ ಇಲ್ಲ, ಸಭೆಯಲ್ಲಿ ತಾವು ಮಾತಾಡುವ ರೀತಿ ಬೇರೆ, ಮನೆಯಲ್ಲಿ ಹೆಂಡತಿಯೊಡನೆ ಮಾತಾಡುವ ರೀತಿ ಬೇರೆ ಎಂದು ಒಪ್ಪಿಕೊಂಡರು. ಪರದೇಶದವರು ಅತಿ ಶುದ್ಧವಾಗಿ ಮಾತಾಡಲು ಹೆಣಗಬೇಕಾಗಿಲ್ಲ ಎಂದೂ ಸಲಹೆ ಕೊಟ್ಟರು. ಸುಮಾರು ನೂರು ವರ್ಷದ ಹಿಂದಿನ ಈ ಸಲಹೆಯನ್ನು ಇಂದಿನ ಇಂಗ್ಲಿಷ್ ಕೋಚಿಂಗ್ ಸೆಂಟರುಗಳ ಗೋಡೆಯ ಮೇಲೆ ಬರೆಸಿದರೆ ಎಷ್ಟೋ ಯುವಕರ ಎದೆಯ ಭಾರ ಇಳಿದೀತು.

ಗ್ರಾಮಫೋನು ಉಳ್ಳವರ ಮನೆಯ ವಸ್ತು. ಬಡವರ ಮನೆಗೂ ದನಿಯನ್ನು ತಲುಪಿಸಿದ್ದು ರೇಡಿಯೊ. ಮೈಸೂರಿನಲ್ಲಿ 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಪ್ರಸಾರ ಶುರುಮಾಡಿ, ಅದಕ್ಕೆ ಆಕಾಶವಾಣಿ ಎಂಬ ಹೆಸರು ಕೊಟ್ಟದ್ದು ನಿಮಗೆಲ್ಲ ಗೊತ್ತು. ಅವರು ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಕನ್ನಡ ನಾಡಿಗೆ ಬಾನುಲಿಯನ್ನು ತಂದದ್ದು ಒಬ್ಬ ಮೇಷ್ಟ್ರು ಎಂಬುದು ನೆನಪಿನಲ್ಲಿರಲಿ.

ಬಿ.ಬಿ.ಸಿ. ತನ್ನ ರೇಡಿಯೊ ಇಂಗ್ಲಿಷ್ ಪಾಠಗಳನ್ನು ಶುರುಮಾಡಿದ್ದು 1943ರಲ್ಲಿ, ಮಹಾಯುದ್ಧದ ನಡುವೆ. 1959ರ ಅಕ್ಟೋಬರಿನಲ್ಲಿ ವಾಯ್ಸ್ ಆಫ್ ಅಮೆರಿಕ ಬಾನುಲಿ 'ಸ್ಪೆಷಲ್ ಇಂಗ್ಲಿಷ್' ಎಂಬ ಪ್ರಸಾರ ಶುರುಮಾಡಿತು. ಅದರ ಕಟ್ಟುಪಾಡುಗಳು ಸರಳ. ಸುಮಾರು 1500 ಪದಗಳಷ್ಟೇ ಬಳಕೆ. ಚಿಕ್ಕ ವಾಕ್ಯ, ಒಂದು ವಾಕ್ಯಕ್ಕೆ ಒಂದೇ ವಿಚಾರ. ಓದುವ ವೇಗ ಮಾಮೂಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಸುದ್ದಿ ಮಾತ್ರ ದೊಡ್ಡವರ ಸುದ್ದಿಯೇ. ಕಲಿಯುವವನ ಭಾಷೆ ಚಿಕ್ಕದಿರಬಹುದು, ಬುದ್ಧಿ ಚಿಕ್ಕದಲ್ಲ ಎಂದು ಆ ಪ್ರಸಾರದವರು ತಿಳಿದಿದ್ದರು. ಇಂಗ್ಲಿಷ್ ಬಾರದ ಇಪ್ಪತ್ತರ ಹುಡುಗನಿಗೆ ಮೂರು ವರ್ಷದ ಕೂಸಿಗೆ ಹೇಳುವ ಪ್ರಾಸಗೀತೆ ಕಲಿಸುವ ಅನೇಕ ಪಾಠಪುಸ್ತಕಗಳಲ್ಲಿ ಈ ತಿಳಿವಳಿಕೆ ಕಾಣುವುದಿಲ್ಲ.

ಇಲ್ಲಿಯವರೆಗಿನ ಮಾತನ್ನು ಒಮ್ಮೆ ಕೂಡಿಸಿಕೊಳ್ಳೋಣ. ಮಗುವಿಗೆ ತರಗತಿಯಲ್ಲಿ ಮಾತಾಡಲು ಸಿಗುವುದು ಕೆಲವೇ ಸೆಕೆಂಡು. ಮನೆಯಲ್ಲಿ ಇಂಗ್ಲಿಷ್ ಕೇಳಿಸುವುದಿಲ್ಲ. ಗ್ರಾಮಫೋನು ಮತ್ತು ರೇಡಿಯೊ ಒಳ್ಳೆಯ ಇಂಗ್ಲಿಷನ್ನು ಕಿವಿಗೆ ತಂದವು, ನಿಧಾನವಾಗಿಯೂ ತಂದವು. ಆದರೆ ಮಾತೆಲ್ಲ ಆ ಕಡೆಯಿಂದಲೇ. ಕೇಳುವವನು ಸುಮ್ಮನೆ ಕೂತಿದ್ದ.

ಅವನ ಬಾಯಿ ತೆರೆಸಿದ್ದು ಹೇಗೆ? ಇದು ಇಂದಿನ ಮಾತಿನ ನಡುಭಾಗ. ಸ್ವಲ್ಪ ನಿಧಾನವಾಗಿ ನೋಡೋಣ.

ಕಥೆ ಶುರುವಾಗುವುದು ಮಧ್ಯ ಅಮೆರಿಕದ ನಿಕರಾಗುವಾದಲ್ಲಿ, ಅದೂ ಗಣಿತ ಪಾಠದಿಂದ. 1974ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು ಅಲ್ಲಿನ ಹಳ್ಳಿ ಶಾಲೆಗಳಿಗೆ ರೇಡಿಯೊ ಮೂಲಕ ಗಣಿತ ಕಲಿಸಲು ಹೊರಟಿತು. ಅವರು ಕಂಡುಕೊಂಡ ಉಪಾಯಕ್ಕೆ ಹೊಸ ಯಂತ್ರ ಬೇಕಾಗಲಿಲ್ಲ. ರೇಡಿಯೊ ಒಂದು ಪ್ರಶ್ನೆ ಕೇಳಬೇಕು. ಕೇಳಿದ ಮೇಲೆ ಕೆಲವು ಸೆಕೆಂಡು ಸುಮ್ಮನಿರಬೇಕು. ಆ ಹೊತ್ತಿನಲ್ಲಿ ಇಡೀ ತರಗತಿ ಒಟ್ಟಿಗೆ ಉತ್ತರ ಕೂಗಬೇಕು. ಆಮೇಲೆ ರೇಡಿಯೊ ಸರಿಯುತ್ತರ ಹೇಳಬೇಕು. ಮಗು ತನ್ನ ಉತ್ತರವನ್ನು ಅದರೊಡನೆ ಹೋಲಿಸಿಕೊಂಡು ಮುಂದಕ್ಕೆ ಹೋಗುತ್ತದೆ. ಸಂಗೀತದ ಮೇಷ್ಟ್ರು ಒಂದು ಸರಳೆ ಹಾಡಿ, ನಿಲ್ಲಿಸಿ, ಶಿಷ್ಯನ ಕಡೆ ನೋಡುತ್ತಾರಲ್ಲ, ಹಾಗೆ.

ಸುಮ್ಮನಿರುವುದು ಸುಲಭ ಎನಿಸಬಹುದು. ಬಾನುಲಿಯಲ್ಲಿ ಕೆಲಸ ಮಾಡಿದವರನ್ನು ಕೇಳಿ. ಪ್ರಸಾರದಲ್ಲಿ ಐದು ಸೆಕೆಂಡಿನ ಮೌನ ಎಂದರೆ ಎದೆ ಧಸಕ್ಕೆನ್ನುತ್ತದೆ. ಪಾಠದಲ್ಲಾದರೆ ಆ ಮೌನವನ್ನು ಅಳೆದು ಇಡಬೇಕು. ತೀರ ಚಿಕ್ಕದಾದರೆ ನಿಧಾನದ ಮಗು ಬಾಯಿ ತೆರೆಯುವಷ್ಟರಲ್ಲಿ ರೇಡಿಯೊ ಮುಂದೆ ಹೋಗಿರುತ್ತದೆ. ತೀರ ಉದ್ದವಾದರೆ ತರಗತಿಯಲ್ಲಿ ಗುಸುಗುಸು ಶುರು. ಆದ್ದರಿಂದ ಪಾಠ ಬರೆಯುವವರೇ ತರಗತಿಯ ಮೂಲೆಯಲ್ಲಿ ಹೋಗಿ ಕೂರುತ್ತಿದ್ದರು. ಮಕ್ಕಳು ಎಲ್ಲಿ ಉತ್ತರಿಸಿದರು, ಎಲ್ಲಿ ತಡವರಿಸಿದರು ಎಂದು ಗುರುತು ಹಾಕಿಕೊಂಡು ಮುಂದಿನ ಪಾಠ ತಿದ್ದುತ್ತಿದ್ದರು. ಪಾಠ ಬರೆದವನು ಪಾಠ ಕೇಳುವ ಮಗುವಿನ ಪಕ್ಕದಲ್ಲಿ ಕೂರುವುದು! ನಮ್ಮ ಪಾಠಪುಸ್ತಕ ಸಮಿತಿಗಳೂ, ಆ್ಯಪ್ ತಯಾರಿಸುವ ಕಂಪನಿಗಳೂ ಇದನ್ನು ನಿಯಮವಾಗಿ ಮಾಡಿಕೊಳ್ಳಬೇಕು.

ಈ ವಿಧಾನ ಇಂಗ್ಲಿಷ್ ಕಲಿಕೆಗೆ ಬಂದದ್ದು ಕೀನ್ಯಾದಲ್ಲಿ, 1980ರ ದಶಕದ ಮೊದಲ ವರ್ಷಗಳಲ್ಲಿ. ಅಲ್ಲಿನ ಹಳ್ಳಿ ಶಾಲೆಗಳ ಸ್ಥಿತಿ ಹೀಗಿತ್ತು. ಮೊದಲ ಮೂರು ತರಗತಿಯಲ್ಲಿ ಪಾಠ ತಾಯ್ನುಡಿಯಲ್ಲಿ, ಇಂಗ್ಲಿಷ್ ಒಂದು ವಿಷಯ ಮಾತ್ರ. ನಾಲ್ಕನೇ ತರಗತಿಗೆ ಬಂದೊಡನೆ ಎಲ್ಲ ಪಾಠವೂ ಇಂಗ್ಲಿಷಿನಲ್ಲಿ. ಮೂರು ವರ್ಷದೊಳಗೆ ಮಗು ಒಂದು ಹೊಸ ಭಾಷೆಗೆ ಸಿದ್ಧವಾಗಬೇಕು. ದಿನಕ್ಕೆ ಅರ್ಧ ಗಂಟೆಯಂತೆ, ವರ್ಷವಿಡೀ ಶಾಲೆಯ ದಿನಗಳಲ್ಲೆಲ್ಲ ರೇಡಿಯೊ ಪಾಠ ನಡೆಯಿತು. ಒಂದು ಅರ್ಧ ಗಂಟೆಯೊಳಗೆ ಪ್ರತಿಯೊಂದು ಮಗುವೂ ಹತ್ತಾರು ಸಲ ಬಾಯಿ ತೆರೆಯುತ್ತಿತ್ತು. ಪರೀಕ್ಷೆ ಮಾಡಿ ನೋಡಿದಾಗ ಇಂಗ್ಲಿಷ್ ಕೇಳಿ ಅರ್ಥಮಾಡಿಕೊಳ್ಳುವುದರಲ್ಲಿ ರೇಡಿಯೊ ತರಗತಿಯ ಮಕ್ಕಳು ಉಳಿದವರಿಗಿಂತ ಸ್ಪಷ್ಟವಾಗಿ ಮುಂದಿದ್ದರು.

ಇದೇ ಗಾಳಿ ಕರ್ನಾಟಕಕ್ಕೂ ಬೀಸಿತು. ಕೇಳಿ ಕಲಿ, ಚಿನ್ನರ ಚುಕ್ಕಿ, ಚುಕ್ಕಿ ಚಿನ್ನ ಎಂಬ ಹೆಸರುಗಳನ್ನು ಕೇಳಿದೊಡನೆ ಈಗ ಇಪ್ಪತ್ತರ ಮೇಲಿರುವ ಅನೇಕರಿಗೆ ತಮ್ಮ ಶಾಲೆ ನೆನಪಾಗುತ್ತದೆ. ಆಕಾಶವಾಣಿಯ ಮೂಲಕ ಸರ್ಕಾರಿ ಶಾಲೆಗಳಿಗೆ ಬರುತ್ತಿದ್ದ ಪಾಠಗಳವು. ಇಂಗ್ಲಿಷ್ ಈಸ್ ಫನ್ ಎಂಬ ಹೆಸರಿನ ರೇಡಿಯೊ ಪಾಠಗಳೂ ಕರ್ನಾಟಕ ಸೇರಿ ಹಲವು ರಾಜ್ಯಗಳ ಎಳೆಯ ಮಕ್ಕಳನ್ನು ತಲುಪಿದವು.

ಇಂಥ ಪಾಠ ನಡೆಯುವ ರೀತಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಮೇಜಿನ ಮೇಲೆ ರೇಡಿಯೊ. ಮೇಷ್ಟ್ರೋ ಮಿಸ್ಸೋ ಪಕ್ಕದಲ್ಲಿ ನಿಂತಿದ್ದಾರೆ. ರೇಡಿಯೊ 'ಸ್ಟ್ಯಾಂಡ್ ಅಪ್' ಎನ್ನುತ್ತದೆ, ಹಿಂದೆಯೇ ಕನ್ನಡದಲ್ಲೊಂದು ಸುಳಿವು ಕೊಡುತ್ತದೆ. ಮಕ್ಕಳು ದಡಬಡ ಎದ್ದು ನಿಲ್ಲುತ್ತಾರೆ. 'ಟಚ್ ಯುವರ್ ನೋಸ್.' ಎಲ್ಲರ ಬೆರಳೂ ಮೂಗಿನ ಮೇಲೆ. 'ವಾಟ್ ಈಸ್ ದಿಸ್?' ಈಗ ರೇಡಿಯೊ ಸುಮ್ಮನಾಗುತ್ತದೆ. 30 ದನಿ ಒಟ್ಟಿಗೆ 'ನೋಸ್' ಎನ್ನುತ್ತವೆ. ಕೆಲವು 'ನೋಸು' ಎನ್ನುತ್ತವೆ. ಆ ಕಡೆಯಿಂದ ಸ್ಪಷ್ಟವಾಗಿ ಬರುತ್ತದೆ, 'ಇಟ್ ಈಸ್ ಎ ನೋಸ್.' ಯಾರನ್ನೂ ಎದ್ದು ನಿಲ್ಲಿಸಿ ತಪ್ಪು ಎಂದು ಹೇಳಿಲ್ಲ. ಸಂಕೋಚದ ಹುಡುಗಿಯೂ 30 ದನಿಗಳ ನಡುವೆ ತನ್ನ ದನಿ ಸೇರಿಸಿದ್ದಾಳೆ. ಅಷ್ಟರಲ್ಲಿ ರೇಡಿಯೊ ಶಿಕ್ಷಕರಿಗೂ ಒಂದು ಕೆಲಸ ಹೇಳುತ್ತದೆ. ಒಂದು ಮಗುವನ್ನು ಮುಂದೆ ಕರೆಯಿರಿ, ಕೇಳಿ. ಹೀಗೆ ಮಗುವಿನ ಜೊತೆ ಮೇಷ್ಟ್ರೂ ಕೇಳುತ್ತಾರೆ, ಮೇಷ್ಟ್ರೂ ಕಲಿಯುತ್ತಾರೆ. ಈ ಲಾಭ ಯಾವ ಪರೀಕ್ಷೆಯ ಅಂಕಪಟ್ಟಿಯಲ್ಲೂ ಕಾಣುವುದಿಲ್ಲ, ಆದರೆ ಎಲ್ಲಕ್ಕಿಂತ ಬಾಳಿಕೆ ಬರುವ ಲಾಭ ಅದೇ.

ಕೊರತೆಗಳೂ ಇದ್ದವು. ಪ್ರಸಾರಕ್ಕೆ ಒಂದು ಹೊತ್ತು ನಿಗದಿ. ಆ ಹೊತ್ತಿಗೆ ಕರೆಂಟು ಹೋದರೆ, ಸೆಲ್ಲು ಮುಗಿದಿದ್ದರೆ, ಮೇಷ್ಟ್ರನ್ನು ಮೀಟಿಂಗಿಗೆ ಕರೆದಿದ್ದರೆ ಆ ದಿನದ ಪಾಠ ತಪ್ಪಿತು. ಅದು ಮತ್ತೆ ಬಾರದು. ಅರ್ಥವಾಗದ ಕಡೆ ನಿಲ್ಲಿಸಿ ಹಿಂದಕ್ಕೆ ಹೋಗಲೂ ಆಗದು.

ರೇಡಿಯೊ ಪಾಠದ ಶಕ್ತಿ ಅದು ಬಿಟ್ಟ ಮೌನದಲ್ಲಿತ್ತು, ದೌರ್ಬಲ್ಯ ಅದರ ಗಡಿಯಾರದಲ್ಲಿತ್ತು. ಈ ಎರಡು ಮಾತು ನೆನಪಿಟ್ಟುಕೊಂಡು ಮುಂದೆ ಹೋಗೋಣ.

ನಡುವೆ ಉಪಗ್ರಹದ ಕಾಲವೂ ಬಂತು. 1975-76ರಲ್ಲಿ ಸೈಟ್ ಎಂಬ ಪ್ರಯೋಗದಲ್ಲಿ ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿ.ವಿ. ಬಂತು, ಅದರಲ್ಲಿ ಕರ್ನಾಟಕದ ಹಳ್ಳಿಗಳೂ ಸೇರಿದ್ದವು. 2004ರ ಸೆಪ್ಟೆಂಬರಿನಲ್ಲಿ ಇಸ್ರೋ ಎಜುಸ್ಯಾಟ್ ಎಂಬ ಉಪಗ್ರಹವನ್ನು ಹಾರಿಸಿತು. ಶಿಕ್ಷಣಕ್ಕೆಂದೇ ಮೀಸಲಾದ ಉಪಗ್ರಹ. ಅದರ ಮೊದಲ ದೊಡ್ಡ ಶಾಲಾ ಪ್ರಯೋಗ ನಡೆದದ್ದು ಚಾಮರಾಜನಗರ ಜಿಲ್ಲೆಯಲ್ಲಿ, ಸುಮಾರು 900 ಪ್ರಾಥಮಿಕ ಶಾಲೆಗಳಲ್ಲಿ. ಕಾಡಂಚಿನ ಶಾಲೆಗೂ ಆಕಾಶದಿಂದ ಪಾಠ ಇಳಿಯಿತು. ಅದು ಹೆಮ್ಮೆಯ ಸಂಗತಿಯೇ. ಆದರೆ ಭಾಷೆಯ ಪಾಠಕ್ಕೆ ನಮ್ಮ ಪ್ರಶ್ನೆಯನ್ನೇ ಹಾಕಿ ನೋಡಿ. ಟಿ.ವಿ. ಮಾತಾಡುತ್ತದೆ, ಮಗು ನೋಡುತ್ತದೆ. ನೋಡುವ ಮಗುವಿನ ಬಾಯಿ ಮುಚ್ಚಿರುತ್ತದೆ. ಇಂದು ಎಷ್ಟೋ ಶಾಲೆಗಳ ಸ್ಮಾರ್ಟ್ ಕ್ಲಾಸಿನಲ್ಲಿ ಪ್ರೊಜೆಕ್ಟರ್ ಮೇಲೆ ಓಡುವ ಇಂಗ್ಲಿಷ್ ವಿಡಿಯೊಗಳಿಗೂ ಇದೇ ಮಾತು ಸಲ್ಲುತ್ತದೆ.

ಹಾಗಾದರೆ ಯಂತ್ರವೇ ಇಲ್ಲದೆ ಮಗುವನ್ನು ಮಾತಾಡಿಸಲು ಸಾಧ್ಯವಿಲ್ಲವೇ? ಇದೆ. ಅದರ ಒಂದು ದೊಡ್ಡ ಉದಾಹರಣೆ ಬೆಂಗಳೂರಿನದೇ.

ಬೆಂಗಳೂರಿನಲ್ಲಿ ದಕ್ಷಿಣ ಭಾರತದ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಎಂಬ ಸಂಸ್ಥೆ ಇದೆ. 1963ರಲ್ಲಿ ಸ್ಥಾಪನೆಯಾದದ್ದು. 1979ರಿಂದ ಐದು ವರ್ಷ ಈ ಸಂಸ್ಥೆಯ ನೆರವಿನಿಂದ ಎನ್.ಎಸ್. ಪ್ರಭು ಎಂಬ ಭಾಷಾ ಶಿಕ್ಷಣ ತಜ್ಞರು ಒಂದು ಪ್ರಯೋಗ ನಡೆಸಿದರು. ಬೆಂಗಳೂರು ಪ್ರಾಜೆಕ್ಟ್ ಎಂಬ ಹೆಸರಿನಿಂದ ಅದು ಜಗತ್ತಿನ ಇಂಗ್ಲಿಷ್ ಬೋಧಕರಿಗೆಲ್ಲ ಪರಿಚಿತ. ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳೇ ಪ್ರಯೋಗಶಾಲೆ. ಉಪಕರಣ ಎಂದರೆ ಕರಿಹಲಗೆ, ಸೀಮೆಸುಣ್ಣ, ಕಾಗದ, ಪೆನ್ಸಿಲು.

ಪ್ರಭು ವ್ಯಾಕರಣವನ್ನು ಮುಂದಿಟ್ಟುಕೊಂಡು ಪಾಠ ಮಾಡಲಿಲ್ಲ. ಮಕ್ಕಳ ಮುಂದೆ ಒಂದು ರೈಲ್ವೆ ವೇಳಾಪಟ್ಟಿ ಇಟ್ಟರು. ಈ ಗಾಡಿ ಎಷ್ಟು ಹೊತ್ತಿಗೆ ಹೊರಡುತ್ತದೆ? ಆ ಊರು ತಲುಪಲು ಎಷ್ಟು ಗಂಟೆ ಬೇಕು? ಬೇಗ ಮುಟ್ಟಬೇಕಾದರೆ ಯಾವ ಗಾಡಿ ಹಿಡಿಯಬೇಕು? ಮತ್ತೊಂದು ದಿನ ನಕ್ಷೆ ಕೊಟ್ಟು ದಾರಿ ಕೇಳಿದರು. ಮೊದಲು ಇಡೀ ತರಗತಿಯೊಡನೆ ಒಂದು ಲೆಕ್ಕ ಬಿಡಿಸುವುದು, ಆಮೇಲೆ ಅಂಥದೇ ಇನ್ನೊಂದನ್ನು ಮಗು ತಾನೇ ಬಿಡಿಸುವುದು. ಮಗುವಿನ ಗಮನವೆಲ್ಲ ಗಾಡಿ ಹಿಡಿಯುವುದರ ಮೇಲೆ. ಇಂಗ್ಲಿಷ್ ಅದರ ಜೊತೆಗೆ ತಾನಾಗಿ ಹತ್ತುತ್ತಿತ್ತು. 1987ರಲ್ಲಿ ಬಂದ ಪ್ರಭು ಅವರ ಪುಸ್ತಕ ಇಂದಿಗೂ ಭಾಷಾ ಬೋಧನೆಯ ವಿದ್ಯಾರ್ಥಿಗಳ ಕೈಯಲ್ಲಿದೆ. ಪ್ರಪಂಚವೆಲ್ಲ ಮಾತಾಡುವ ಚಟುವಟಿಕೆ ಆಧಾರಿತ ಭಾಷಾ ಬೋಧನೆಯ ಬೇರುಗಳಲ್ಲಿ ಒಂದು ನಮ್ಮ ಸೀಮೆಸುಣ್ಣದ ಪುಡಿಯಲ್ಲಿದೆ ಎಂಬುದನ್ನು ಕನ್ನಡಿಗರು ಇನ್ನಷ್ಟು ಜೋರಾಗಿ ಹೇಳಿಕೊಳ್ಳಬೇಕು.

ರೇಡಿಯೊ ಮಗುವಿಗೆ ಉತ್ತರಿಸುವ ಹೊತ್ತು ಕೊಟ್ಟಿತು. ಪ್ರಭು ಅವರ ಪಾಠ ಉತ್ತರಿಸಲು ಒಂದು ಕಾರಣ ಕೊಟ್ಟಿತು. ಹೊತ್ತು, ಕಾರಣ ಎರಡೂ ಬೇಕು. ಇನ್ನು ನೋಡಬೇಕಾದದ್ದು, ಯಂತ್ರವನ್ನು ಮಗುವಿನ ಕೈಗೇ ಕೊಟ್ಟರೆ ಏನಾಗುತ್ತದೆ ಎಂಬುದನ್ನು.

ಮಹಾರಾಷ್ಟ್ರದ ಸರ್ಕಾರಿ ಶಾಲೆಗಳಲ್ಲಿ ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ ಪಿಕ್‌ಟಾಕ್ ಎಂಬ ಯಂತ್ರ ಬಳಸಿತ್ತು. ಚಿತ್ರದ ಮೇಲೆ ಕಡ್ಡಿಯಂಥದೊಂದನ್ನು ಇಟ್ಟರೆ ಯಂತ್ರ ಆ ವಸ್ತುವಿನ ಇಂಗ್ಲಿಷ್ ಹೆಸರು ಹೇಳುತ್ತದೆ. ಕೆಲವು ಕಡೆ ಯಂತ್ರ, ಕೆಲವು ಕಡೆ ಶಿಕ್ಷಕರೇ ನಡೆಸುವ ಆಟ ಮತ್ತು ಚಟುವಟಿಕೆ. ಅರ್ಥಶಾಸ್ತ್ರಜ್ಞರು ಇವನ್ನು ಅಳೆದು 2008ರಲ್ಲಿ ವರದಿ ಕೊಟ್ಟರು. ಎರಡು ದಾರಿಯಲ್ಲೂ ಮಕ್ಕಳ ಇಂಗ್ಲಿಷ್ ಸುಧಾರಿಸಿತ್ತು. ಆದರೆ ಒಳಗೆ ಇಣುಕಿದಾಗ ಒಂದು ವ್ಯತ್ಯಾಸ ಕಂಡಿತು. ಮೊದಲೇ ಚುರುಕಾಗಿದ್ದ ಮಕ್ಕಳು ತಮ್ಮ ಪಾಡಿಗೆ ತಾವು ಯಂತ್ರದಿಂದ ಹೆಚ್ಚು ಕಲಿತರು. ಹಿಂದೆ ಬಿದ್ದ ಮಕ್ಕಳಿಗೆ ಹೆಚ್ಚು ನೆರವಾದದ್ದು ಶಿಕ್ಷಕರು ನಡೆಸಿದ ಚಟುವಟಿಕೆ.

ಕೇಳುಗರೇ, ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಯಂತ್ರ ತಂದು, ಮೇಷ್ಟ್ರನ್ನು ಬದಿಗೆ ಸರಿಸಿದರೆ ನಷ್ಟ ಯಾರಿಗೆ? ಈಗಾಗಲೇ ಹಿಂದೆ ಇರುವ ಮಗುವಿಗೆ. ಸರ್ಕಾರಿ ಶಾಲೆ ಇರುವುದೇ ಮುಖ್ಯವಾಗಿ ಆ ಮಗುವಿಗಾಗಿ.

ಹೈದರಾಬಾದಿನಲ್ಲಿ 2002ರ ಸುಮಾರಿಗೆ ಇನ್ನೊಂದು ಪ್ರಯೋಗ ನಡೆಯಿತು. ದೆಹಲಿಯ ಕಾಲ್ಕಾಜಿಯಲ್ಲಿ 1999ರಲ್ಲಿ ಗೋಡೆಗೆ ಕಿಂಡಿ ಕೊರೆದು ಬೀದಿ ಮಕ್ಕಳಿಗೆ ಕಂಪ್ಯೂಟರ್ ಇಟ್ಟ ಸುಗತ ಮಿತ್ರ ಅವರ ತಂಡದ್ದೇ ಇದು. 16 ಮಕ್ಕಳು, ನಾಲ್ಕು ಗುಂಪು. ಮಾತನ್ನು ಅಕ್ಷರಕ್ಕೆ ಇಳಿಸುವ ತಂತ್ರಾಂಶವಿದ್ದ ಕಂಪ್ಯೂಟರ್. ಮಗು ಒಂದು ವಾಕ್ಯ ಓದಬೇಕು. ಕಂಪ್ಯೂಟರ್ ತನಗೆ ಕೇಳಿಸಿದ್ದನ್ನು ಪರದೆಯ ಮೇಲೆ ಬರೆಯುತ್ತದೆ. ಉಚ್ಚಾರಣೆ ಸರಿಯಿಲ್ಲದಿದ್ದರೆ ಅಲ್ಲಿ ಮೂಡುವುದು ಬೇರೆಯದೇ ಪದ. ಮಗು ಇನ್ನೊಮ್ಮೆ ಹೇಳುತ್ತದೆ, ಗೆಳೆಯರು ಸುಳಿವು ಕೊಡುತ್ತಾರೆ, ಮತ್ತೊಮ್ಮೆ ಹೇಳುತ್ತದೆ. ಕೆಲವು ತಿಂಗಳಲ್ಲಿ ಉಚ್ಚಾರಣೆ ಸುಧಾರಿಸಿತು. ಇಲ್ಲಿ ಗಮನಿಸಬೇಕಾದದ್ದು ನಾಲ್ವರಿಗೆ ಒಂದು ಕಂಪ್ಯೂಟರ್ ಎಂಬ ಏರ್ಪಾಡು. ಒಬ್ಬರಿಗೊಂದು ಸಿಗದಿದ್ದದ್ದೇ ಒಳ್ಳೆಯದಾಯಿತು. ಮಕ್ಕಳು ಯಂತ್ರದೊಡನೆ ಮಾತಾಡಿದಷ್ಟೇ ತಮ್ಮತಮ್ಮಲ್ಲೂ ಮಾತಾಡಿದರು.

ಈಗ ಫೋನಿನ ಕಡೆಗೆ ಬರೋಣ. ರೇಡಿಯೊ ಪಾಠಕ್ಕೆ ಗಡಿಯಾರದ ಕಟ್ಟು ಇತ್ತು ಎಂದು ಆಗ ಹೇಳಿದ್ದಾಯಿತು. ಆ ಕಟ್ಟನ್ನು ಬಿಚ್ಚಿದ್ದು ನೆರೆಯ ಬಾಂಗ್ಲಾದೇಶ.

2009ರ ನವೆಂಬರಿನಲ್ಲಿ ಅಲ್ಲಿ ಬಿ.ಬಿ.ಸಿ. ಜಾನಾಲಾ ಎಂಬ ಸೇವೆ ಶುರುವಾಯಿತು. ಜಾನಾಲಾ ಎಂದರೆ ಕಿಟಕಿ. ಯಾವುದೇ ಮಾಮೂಲಿ ಮೊಬೈಲಿನಿಂದ 3000 ಒತ್ತಿದರೆ ಮೂರು ನಿಮಿಷದ ಇಂಗ್ಲಿಷ್ ಪಾಠ ಕೇಳಿಸುತ್ತಿತ್ತು. ಇಂಟರ್ನೆಟ್ ಬೇಡ, ದೊಡ್ಡ ಪರದೆ ಬೇಡ. ಮೊಬೈಲ್ ಕಂಪನಿಗಳು ಈ ಕರೆಗೆ ದರ ಇಳಿಸಿದವು. ರಿಕ್ಷಾ ಸ್ಟ್ಯಾಂಡಿನಲ್ಲಿ ಕಾಯುವ ಹೊತ್ತಿನಲ್ಲೂ ಪಾಠ ಕೇಳಬಹುದು, ಅರ್ಥವಾಗದಿದ್ದರೆ ಮತ್ತೆ ಡಯಲ್ ಮಾಡಬಹುದು. ಲಕ್ಷಾಂತರ ಜನ ಕರೆ ಮಾಡಿದರು.

ಶಾಲೆಗಳ ಕಡೆ ಇದೇ ಯೋಜನೆಯ ಇನ್ನೊಂದು ಕೈ ಕೆಲಸ ಮಾಡಿತು. ಯೋಜನೆಯ ಹೆಸರು ಇಂಗ್ಲಿಷ್ ಇನ್ ಆ್ಯಕ್ಷನ್. ಬ್ರಿಟನ್ ಸರ್ಕಾರದ ಹಣ, ಸುಮಾರು 5 ಕೋಟಿ ಪೌಂಡು. ಮೊದಲ ಹಂತದಲ್ಲಿ ಶಿಕ್ಷಕರಿಗೆ ದುಬಾರಿ ಐಪಾಡ್ ಕೊಟ್ಟರು. ಸಾವಿರಾರು ಶಿಕ್ಷಕರಿಗೆ ಹಬ್ಬಿಸಬೇಕಾದಾಗ ಇದು ಆಗುವ ಮಾತಲ್ಲ ಎಂದು ಕಂಡಿತು. ಆಗ ಅವರು ಮೇಲಕ್ಕೆ ಹೋಗದೆ ಕೆಳಕ್ಕೆ ಇಳಿದರು. ಅಗ್ಗದ ನೋಕಿಯಾ ಫೋನು. ಅದರೊಳಗೆ ಉಗುರಿನಷ್ಟು ಮೆಮೊರಿ ಕಾರ್ಡು. ಕಾರ್ಡಿನಲ್ಲಿ ಪಾಠಪುಸ್ತಕದ ಸಂಭಾಷಣೆ, ಹಾಡು, ಕಥೆ, ಜೊತೆಗೆ ಬೇರೆ ಶಿಕ್ಷಕರು ಪಾಠ ಮಾಡುತ್ತಿರುವ ವಿಡಿಯೊ. ಚಾರ್ಜ್ ಮಾಡಬಹುದಾದ ಒಂದು ಸಣ್ಣ ಸ್ಪೀಕರು. ಇಷ್ಟೇ ಸಾಮಾನು. ಆ ಮೇಷ್ಟ್ರ ಜೇಬಿನಲ್ಲೇ ಒಬ್ಬ ತರಬೇತುದಾರ ಇದ್ದಂತಾಯಿತು. ಹತ್ತಿರದ ಶಾಲೆಗಳ ಶಿಕ್ಷಕರು ಆಗಾಗ ಒಂದೆಡೆ ಸೇರಿ ಪಾಠ ಹೇಗೆ ನಡೆಯಿತು ಎಂದು ಮಾತಾಡಿಕೊಳ್ಳುವ ಏರ್ಪಾಡೂ ಇತ್ತು.

ಅವರು ತರಗತಿಯಲ್ಲಿ ಕೂತು ನಮ್ಮ ಪ್ರಶ್ನೆಯನ್ನೇ ಅಳೆದರು. ಯಾರು ಎಷ್ಟು ಹೊತ್ತು ಮಾತಾಡಿದರು? ಪ್ರಾಥಮಿಕ ಶಾಲೆಗಳ ಪಾಠದಲ್ಲಿ ಸುಮಾರು ಕಾಲುಭಾಗ ಹೊತ್ತು ಮಕ್ಕಳ ಮಾತಿತ್ತು, ಅದರಲ್ಲಿ ಬಹುಪಾಲು ಇಂಗ್ಲಿಷಿನಲ್ಲೇ ಇತ್ತು. ಮೇಷ್ಟ್ರ ದನಿಯೊಂದೇ ಕೇಳುವ ತರಗತಿಯನ್ನು ಬಲ್ಲವರಿಗೆ ಈ ಕಾಲುಭಾಗ ಎಷ್ಟು ದೊಡ್ಡದು ಎಂದು ಗೊತ್ತು.

ಇಲ್ಲಿ ನಿಂತು ಒಮ್ಮೆ ನಮ್ಮ ಮನೆಯ ಕಡೆ ನೋಡೋಣ. ಮಗುವಿಗೆ ಹೊತ್ತು ಬೇಕು, ಕಾರಣ ಬೇಕು, ಪಕ್ಕದಲ್ಲಿ ಮೇಷ್ಟ್ರು ಬೇಕು. ಇವೆಲ್ಲ ಇಲ್ಲದೆ ಫೋನು ಮಾತ್ರ ಬಂದರೆ? ಅದಕ್ಕೂ ಅಂಕಿಅಂಶ ಇದೆ. ಪ್ರಥಮ್ ಸಂಸ್ಥೆಯ ಅಸರ್ ಸಮೀಕ್ಷೆಯ ಪ್ರಕಾರ 2018ರಲ್ಲಿ ದೇಶದ ಹಳ್ಳಿ ಮಕ್ಕಳ ಮನೆಗಳಲ್ಲಿ ಮೂರರಲ್ಲಿ ಒಂದು ಮನೆಗೆ ಸ್ಮಾರ್ಟ್‌ಫೋನ್ ಇತ್ತು. 2022ರ ಹೊತ್ತಿಗೆ ನಾಲ್ಕರಲ್ಲಿ ಮೂರು ಮನೆಗೆ ಬಂತು. ಇಂಗ್ಲಿಷ್ ಓದು ಏನಾಯಿತು? ಸರಳ ಇಂಗ್ಲಿಷ್ ವಾಕ್ಯ ಓದಬಲ್ಲ ಐದನೇ ತರಗತಿಯ ಮಕ್ಕಳು 2016ರಲ್ಲಿ ಸುಮಾರು ನೂರಕ್ಕೆ 25. 2022ರಲ್ಲೂ ಸುಮಾರು ನೂರಕ್ಕೆ 25. ನಡುವೆ ಕೊರೊನಾ ಬಂದು ಶಾಲೆ ಮುಚ್ಚಿತ್ತು ಎಂಬುದನ್ನು ಮರೆಯಬಾರದು. ಆದರೂ ಫೋನು ಮನೆಗೆ ಬಂದೊಡನೆ ಇಂಗ್ಲಿಷ್ ಬಂದೀತು ಎಂದು ನಂಬಿದ ತಂದೆತಾಯಿಗೆ ಈ ಅಂಕಿ ತಿಳಿದಿರಲಿ.

ಮಗುವಿನ ಓದನ್ನು ಕೇಳಿಸಿಕೊಳ್ಳುವ ಆ್ಯಪ್‌ಗಳು ಈಗ ಬಂದಿವೆ. ಗೂಗಲ್ 2019ರಲ್ಲಿ ಬೋಲೋ ಎಂಬ ಹೆಸರಿನಲ್ಲಿ ಭಾರತದಲ್ಲೇ ಮೊದಲು ಇಂಥದೊಂದನ್ನು ಬಿಟ್ಟಿತು. ಮುಂದೆ ಅದರ ಹೆಸರು ರೀಡ್ ಅಲಾಂಗ್ ಎಂದಾಯಿತು. ಮಗು ಗಟ್ಟಿಯಾಗಿ ಓದುತ್ತದೆ, ಫೋನು ಕೇಳುತ್ತದೆ, ತಡವರಿಸಿದ ಪದವನ್ನು ತಾನು ಹೇಳಿಕೊಡುತ್ತದೆ. ಬೈಯುವುದಿಲ್ಲ, ಬೇಸರಿಸುವುದಿಲ್ಲ. ಈಚಿನ ಕೃತಕ ಬುದ್ಧಿಮತ್ತೆಯ ಆ್ಯಪ್‌ಗಳೊಡನೆ ಮಾತುಕತೆಯನ್ನೇ ನಡೆಸಬಹುದು. ತಪ್ಪು ಮಾತಾಡಿದರೆ ಯಾರಾದರೂ ನಕ್ಕಾರು ಎಂದು ಹೆದರುವ ಕಾಲೇಜು ಹುಡುಗರಿಗೆ ಇದು ದೊಡ್ಡ ವರ. ಹಾಗೆಂದು ಕಣ್ಣು ಮುಚ್ಚಿ ನಂಬುವಂತಿಲ್ಲ. ನಮ್ಮ ಕಡೆಯ ಉಚ್ಚಾರಣೆಯನ್ನು ಯಂತ್ರ ತಪ್ಪಾಗಿ ಕೇಳಿಸಿಕೊಂಡರೆ ತಪ್ಪು ಯಂತ್ರದ್ದು, ಮಗುವಿನದಲ್ಲ. ಕೇಳುವವರಿಗೆ ಅರ್ಥವಾಗುವ ಇಂಗ್ಲಿಷ್ ನಮಗೆ ಸಾಕು. ಇನ್ನೊಂದು, ಎಳೆಯ ಮಗುವಿನ ದನಿ ಯಾವ ಕಂಪನಿಯ ಬಳಿ ಎಷ್ಟು ಕಾಲ ಉಳಿಯುತ್ತದೆ ಎಂದು ಕೇಳುವ ಹಕ್ಕು ತಂದೆತಾಯಿಗೆ ಇದೆ. ಕೇಳಬೇಕು.

ಕೊನೆಯದಾಗಿ, ಈ ಪ್ರಸಾರ ಕೇಳುತ್ತಿರುವ ಶಿಕ್ಷಕ ಬಂಧುಗಳಿಗೆ ನಾಳೆಯೇ ಮಾಡಬಹುದಾದ ಒಂದು ಕೆಲಸ. ಒಂದು ಫೋನು ಸಾಕು, ನಿಮ್ಮದೇ ಆಗಬಹುದು. ಮಕ್ಕಳನ್ನು ನಾಲ್ವರ ಗುಂಪು ಮಾಡಿ. ಊರಿನ ಬಸ್ ಸ್ಟ್ಯಾಂಡಿನ ವೇಳಾಪಟ್ಟಿಯನ್ನು ಬೋರ್ಡಿನ ಮೇಲೆ ಬರೆಯಿರಿ. ಒಂದು ಗುಂಪು ಇಂಗ್ಲಿಷಿನಲ್ಲಿ ಬಸ್ಸು ಕೇಳಲಿ, ಇನ್ನೊಂದು ಗುಂಪು ಹೇಳಲಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಅಲ್ಲಿಯತನಕ ನೀವು ಉತ್ತರ ಹೇಳಿಕೊಡಬೇಡಿ. ಮಕ್ಕಳ ಸಂಭಾಷಣೆಯನ್ನು ಎರಡು ನಿಮಿಷ ರೆಕಾರ್ಡ್ ಮಾಡಿ ಅವರಿಗೇ ಕೇಳಿಸಿ. ತಮ್ಮ ದನಿ ಕೇಳಿ ಮೊದಲು ನಗುತ್ತಾರೆ, ನಗಲಿ. ಆಮೇಲೆ ಎಲ್ಲಿ ಎಡವಿದೆವು ಎಂದು ತಾವೇ ಹುಡುಕುತ್ತಾರೆ. ಇನ್ನೊಮ್ಮೆ ರೆಕಾರ್ಡ್ ಮಾಡಿ ಎಂದು ಅವರೇ ಕೇಳುತ್ತಾರೆ. ಜೂನ್ ತಿಂಗಳ ರೆಕಾರ್ಡಿಂಗನ್ನು ಅಳಿಸದೆ ಇಟ್ಟುಕೊಂಡು ಫೆಬ್ರವರಿಯಲ್ಲಿ ಅದೇ ಮಕ್ಕಳಿಗೆ ಕೇಳಿಸಿ. ಪೋಷಕರ ಸಭೆಯಿದ್ದ ದಿನ ಅಪ್ಪ ಅಮ್ಮನಿಗೂ ಎರಡನ್ನೂ ಕೇಳಿಸಿ, ಆಮೇಲೆ ಅಳಿಸಿಬಿಡಿ.